ಇನ್‌ಬಾಕ್ಸ್‌ನಲ್ಲಿ 14 ಸಾವಿರ ಓದದ ಮೇಲ್, ಬೇಕಾದದ್ದೇ ಕಣ್ಣಿಗೆ ಬೀಳುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಸುಮಾ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಬೇಜಾರಿನಲ್ಲೇ ಬರೆಯುತ್ತಿದ್ದೇನೆ. ಮಗಳು ಮೈಸೂರಿನಲ್ಲಿ ಓದುತ್ತಿದ್ದಾಳೆ. ಹಾಸ್ಟೆಲ್ ಫೀಸ್ ಕಟ್ಟಲು ಇಂಥ ದಿನ ಕೊನೆ ಅಂತ ಅವಳ ಕಾಲೇಜಿನವರು ನನಗೆ ಮೇಲ್ ಹಾಕಿದ್ದರಂತೆ, ಅದೂ ಎರಡು ಸಲ. ನಾನು ನೋಡಲೇ ಇಲ್ಲ. ದಂಡ 1000 ರೂಪಾಯಿ ಕಟ್ಟಿ ಬಂದೆ. ದುಡ್ಡು ಹೋದದ್ದಕ್ಕಿಂತ ಮಗಳು "ಅಮ್ಮಾ, ನೀನು ಮೇಲ್ ನೋಡೋದೇ ಇಲ್ವಾ" ಅಂದದ್ದು ಜಾಸ್ತಿ ಚುಚ್ಚಿತು.

ನೋಡುತ್ತೇನೆ ರೀ, ದಿನಾ ನೋಡುತ್ತೇನೆ. ಆದರೆ ಬೆಳಿಗ್ಗೆ ಎದ್ದು ಫೋನ್ ತೆಗೆದರೆ ಸೀರೆ ಅಂಗಡಿಯದ್ದು, ಚಪ್ಪಲಿಯದ್ದು, ಸಾಲ ಕೊಡುತ್ತೇವೆ ಅನ್ನುವವರದ್ದು, ಒಂದೇ ಒಂದು ಸಲ ಗ್ರಾಫ್ಟೆಡ್ ಮಾವಿನ ಸಸಿ ತರಿಸಿದ್ದ ನರ್ಸರಿಯದ್ದು. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು, ಬಿಎಡ್ ಮುಗಿದಾಗ ಯಾವುದೋ ಕೆಲಸದ ವೆಬ್‌ಸೈಟಿನಲ್ಲಿ ಹೆಸರು ಹಾಕಿದ್ದಕ್ಕೆ ಇವತ್ತಿಗೂ "ನಿಮ್ಮ ಅರ್ಹತೆಗೆ ತಕ್ಕ ಕೆಲಸ: ವೆಲ್ಡರ್, ದುಬೈ" ಅಂತ ಬರುತ್ತದೆ. ಇನ್ನು ಮದುವೆ ವೆಬ್‌ಸೈಟಿನ ಕಥೆ. ನಾದಿನಿಗೆ ಗಂಡು ಹುಡುಕುವಾಗ ಮನೆಯಲ್ಲಿ ನನ್ನದೊಂದೇ ಮೇಲ್ ಐಡಿ ಇತ್ತು ಅಂತ ಅದನ್ನೇ ಕೊಟ್ಟಿದ್ದೆವು. ಅವಳ ಮಗನಿಗೆ ಹೋದ ವರ್ಷ ಉಪನಯನ ಆಯಿತು. ವಾರಕ್ಕೆ ಐದು ವರ ಇನ್ನೂ ಬರುತ್ತಲೇ ಇದ್ದಾರೆ.

ಈಗ ಓದದ ಮೇಲ್ 14,362. ಸಾಲದು ಅಂತ 15 ಜಿಬಿಯಲ್ಲಿ ಶೇ. 93 ತುಂಬಿದೆ, ಪೂರ್ತಿ ತುಂಬಿದರೆ ಮೇಲ್ ಬರುವುದೇ ನಿಲ್ಲುತ್ತದೆ ಅಂತ ಗೂಗಲ್ ಕೆಂಪು ಅಕ್ಷರದಲ್ಲಿ ಹೆದರಿಸುತ್ತಿದೆ.

ಕೇಳಬೇಕಾದದ್ದು ಇಷ್ಟು. ಅನ್‌ಸಬ್‌ಸ್ಕ್ರೈಬ್, ಅಂದರೆ ಇನ್ನು ಕಳಿಸಬೇಡಿ ಅನ್ನುವುದನ್ನು ಒತ್ತಬಹುದಾ? ನಮ್ಮ ಯಜಮಾನರ ಆಫೀಸಿನವರೊಬ್ಬರು "ಒತ್ತಿದರೆ ಐಡಿ ಜೀವಂತ ಇದೆ ಅಂತ ಗೊತ್ತಾಗಿ ಇನ್ನೂ ಜಾಸ್ತಿ ಕಳಿಸುತ್ತಾರೆ" ಅಂದರು. ಅಥವಾ ಇದನ್ನು ಬಿಟ್ಟು ಹೊಸ ಐಡಿ ಮಾಡಿಕೊಳ್ಳಲಾ? ಹಾಗೆ ಮಾಡಿದರೆ ಬ್ಯಾಂಕು, ಪ್ಯಾನ್, ಆಧಾರ್ ಎಲ್ಲ ಕಡೆ ಬದಲಾಯಿಸಬೇಕಲ್ಲ, ನೆನೆಸಿಕೊಂಡರೇ ತಲೆನೋವು.

ಸರ್ವರ್‌ರೂಮ್_ಕಿಟ್ಟಿ

ಮೇಡಂ, ಹೊಸ ಐಡಿ ಬೇಡ. ಆರು ತಿಂಗಳಿಗೆ ಅದೂ ಇದೇ ಸ್ಥಿತಿಗೆ ಬರುತ್ತದೆ, ಆಗ ಎರಡು ಗುಡಿಸಬೇಕು.

ಮೊದಲು ಕಾಲೇಜಿನ ಮೇಲ್ ಹುಡುಕಿ. ಮೇಲಿನ ಸರ್ಚ್ ಜಾಗದಲ್ಲಿ ಕಾಲೇಜಿನ ಹೆಸರು ಹಾಕಿ, ಸಿಕ್ಕಿದ ಮೇಲ್ ಯಾವ ಟ್ಯಾಬ್‌ನಲ್ಲಿ ಕೂತಿದೆ ಅಂತ ನೋಡಿ. ನನ್ನ ಊಹೆ, ಅದು ಪ್ರಮೋಷನ್ಸ್‌ನಲ್ಲೋ ಅಪ್‌ಡೇಟ್ಸ್‌ನಲ್ಲೋ ಇರುತ್ತದೆ. 2013ರಿಂದ ಜಿಮೇಲ್ ಬಂದ ಟಪಾಲನ್ನು ತಾನೇ ವಿಂಗಡಿಸಿ ಬೇರೆ ಬೇರೆ ಟ್ಯಾಬ್‌ಗೆ ಹಾಕುತ್ತದೆ. ಕಾಲೇಜಿನವರು ಎರಡು ಸಾವಿರ ಪೋಷಕರಿಗೆ ಒಟ್ಟಿಗೆ ಕಳಿಸಲು ಯಾವುದೋ ಬಲ್ಕ್ ಮೇಲ್ ಸೇವೆ ಬಳಸುತ್ತಾರೆ. ಸೀರೆ ಅಂಗಡಿಯವರೂ ಅಂಥದ್ದನ್ನೇ ಬಳಸುತ್ತಾರೆ. ಯಂತ್ರಕ್ಕೆ ಎರಡೂ ಒಂದೇ ಥರ ಕಾಣುತ್ತವೆ. ಫೋನ್ ಟಿಂಗ್ ಅನ್ನುವುದು ಸಾಮಾನ್ಯವಾಗಿ ಪ್ರೈಮರಿ ಅನ್ನುವ ಮುಖ್ಯ ಟ್ಯಾಬ್‌ಗೆ ಬಂದ ಮೇಲ್‌ಗೆ ಮಾತ್ರ. ಹಾಗಾಗಿ ನಿಮ್ಮ ತಪ್ಪು ಅಂತ ಮಗಳು ಹೇಳಿದರೆ ಒಪ್ಪಬೇಡಿ.

ಸಿಕ್ಕಿದ ಮೇಲೆ, ಕಂಪ್ಯೂಟರಿನಲ್ಲಾದರೆ ಅದನ್ನು ಎಳೆದು ಪ್ರೈಮರಿ ಟ್ಯಾಬ್ ಮೇಲೆ ಬಿಡಿ. ಮುಂದೆಯೂ ಹೀಗೇ ಮಾಡಲಾ ಅಂತ ಕೇಳುತ್ತದೆ, ಹೌದು ಅನ್ನಿ. ಇನ್ನೂ ಗಟ್ಟಿ ಬೇಕಾದರೆ ಆ ವಿಳಾಸಕ್ಕೆ ಒಂದು ಫಿಲ್ಟರ್ (ಬಂದ ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳಿಡುವ ನಿಯಮ) ಮಾಡಿ, ಅದರಲ್ಲಿ ಕೆಟಗರಿ ಪ್ರೈಮರಿ ಅಂತಲೂ, ಸ್ಪ್ಯಾಮ್‌ಗೆ, ಅಂದರೆ ಕಸದ ಮೇಲ್ ಹೋಗುವ ಜಾಗಕ್ಕೆ, ಯಾವತ್ತೂ ಕಳಿಸಬೇಡ ಅಂತಲೂ ಟಿಕ್ ಹಾಕಿ. ಕಸ ಗುಡಿಸುವುದು ಆಮೇಲೆ. ಬೇಕಾದ ನಾಲ್ಕೈದು ವಿಳಾಸಗಳಿಗೆ ಮೊದಲು ಕುರ್ಚಿ ಹಾಕಿಡಿ.

ಇನ್ನು ಅನ್‌ಸಬ್‌ಸ್ಕ್ರೈಬ್. ನಿಮ್ಮ ಯಜಮಾನರ ಆಫೀಸಿನವರು ಹೇಳಿದ್ದು ಸುಳ್ಳಲ್ಲ, ಆದರೆ ಎಲ್ಲ ಮೇಲ್‌ಗೂ ಹೊಂದುವ ಮಾತಲ್ಲ. ನೀವೇ ಎಂದೋ ಐಡಿ ಕೊಟ್ಟಿದ್ದೀರಿ, ಹೆಸರು ಗೊತ್ತಿರುವ ಅಂಗಡಿ ಅಂತಾದರೆ ಧೈರ್ಯವಾಗಿ ಒತ್ತಿ. ಕಂಡು ಕೇಳರಿಯದ ಹೆಸರು, ಲಾಟರಿ, ಕೊರಿಯರ್ ನಿಂತಿದೆ, ರೀಫಂಡ್ ಬಂದಿದೆ ಇಂಥದ್ದಾದರೆ ಅದರೊಳಗಿನ ಯಾವ ಲಿಂಕನ್ನೂ ಒತ್ತಬೇಡಿ, ಅನ್‌ಸಬ್‌ಸ್ಕ್ರೈಬ್ ಅಂತ ಬರೆದಿದ್ದರೂ ಅಷ್ಟೇ. ರಿಪೋರ್ಟ್ ಸ್ಪ್ಯಾಮ್ ಮಾಡಿ, ಮುಗಿಯಿತು.

ಒತ್ತುವಾಗಲೂ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬೂದು ಬಣ್ಣದಲ್ಲಿ ಅಡಗಿಸಿದ ಲಿಂಕ್ ಹುಡುಕುತ್ತಾ ಕೂರಬೇಡಿ. ಕಳಿಸಿದವರ ಹೆಸರಿನ ಪಕ್ಕ ಜಿಮೇಲ್ ತಾನೇ ಒಂದು ಅನ್‌ಸಬ್‌ಸ್ಕ್ರೈಬ್ ಕೊಡುತ್ತದೆ, ಅದು ಒಳ್ಳೆಯದು. 2024ರ ಫೆಬ್ರುವರಿಯಲ್ಲಿ ಗೂಗಲ್ ಮತ್ತು ಯಾಹೂ ಸೇರಿ ಬಲ್ಕ್ ಮೇಲ್ ಕಳಿಸುವವರ ಕಿವಿ ಹಿಂಡಿದವು. ದಿನಕ್ಕೆ 5000ಕ್ಕಿಂತ ಜಾಸ್ತಿ ಜಿಮೇಲ್ ವಿಳಾಸಗಳಿಗೆ ಕಳಿಸುವವರು ಜಾಹೀರಾತಿನ ಮೇಲ್‌ನಲ್ಲಿ ಒಂದೇ ಕ್ಲಿಕ್ಕಿನಲ್ಲಿ ಬಿಡಿಸಿಕೊಳ್ಳುವ ದಾರಿ ಇಡಬೇಕು, ಕೇಳಿದ ಎರಡು ದಿನದೊಳಗೆ ಹೆಸರು ತೆಗೆಯಬೇಕು. ಸ್ಪ್ಯಾಮ್ ದೂರುಗಳು ಶೇ. 0.3 ಮುಟ್ಟಬಾರದು. ಅಂದರೆ ಸಾವಿರ ಜನರಲ್ಲಿ ಮೂವರು ಸ್ಪ್ಯಾಮ್ ಅಂತ ಒತ್ತಿದರೂ ಕಳಿಸಿದವರಿಗೆ ನಡುಕ. ನಾನು ಕೆಲಸ ಮಾಡುವ ಕಡೆ ಮೇಲ್ ಸರ್ವರ್ ನೋಡಿಕೊಳ್ಳುವವನೇ ನಾನು, ಮಾರ್ಕೆಟಿಂಗ್‌ನವರು ಬೆಳಿಗ್ಗೆ ಬಂದ ಕೂಡಲೇ ಕಾಫಿಗಿಂತ ಮೊದಲು ಆ ಅಂಕಿ ನೋಡುತ್ತಾರೆ. ಹಾಗಾಗಿ ಅನ್‌ಸಬ್‌ಸ್ಕ್ರೈಬ್ ಮಾಡಿಯೂ ವಾರದ ಮೇಲೆ ಮತ್ತೆ ಬಂದರೆ ಮುಲಾಜಿಲ್ಲದೆ ಸ್ಪ್ಯಾಮ್ ಒತ್ತಿ.

ಒಂದೊಂದೇ ಮೇಲ್ ತೆರೆದು ಮಾಡಬೇಕಿಲ್ಲ. ಎಡಗಡೆ ಮೆನುವಿನಲ್ಲಿ ಕೆಳಗೆ ಹೋದರೆ ಮ್ಯಾನೇಜ್ ಸಬ್‌ಸ್ಕ್ರಿಪ್ಷನ್ಸ್ ಅಂತ ಇದೆ, 2025ರ ಜುಲೈನಿಂದ ಬಂದದ್ದು. ಯಾರು ಯಾರು ಕಳಿಸುತ್ತಿದ್ದಾರೆ, ಈಚೆಗೆ ಎಷ್ಟು ಕಳಿಸಿದ್ದಾರೆ ಅಂತ ಜಾಸ್ತಿ ಕಾಟ ಕೊಡುವವರಿಂದ ಶುರುವಾಗಿ ಪಟ್ಟಿ ಇರುತ್ತದೆ. ಟಿವಿ ನೋಡುತ್ತಾ ದಿನಕ್ಕೆ ಹತ್ತು ಜನರನ್ನು ಬಿಡಿ ಸಾಕು.

ಉದಾಸೀನ_ಪುಟ್ಟ

38,911 ಓದದ ಮೇಲ್. ನೆಮ್ಮದಿಯಾಗಿದ್ದೇನೆ. ಬೇಕಾದಾಗ ಸರ್ಚ್ ಮಾಡಿದರೆ ಸಿಗುತ್ತದೆ, ಯಾಕ್ರೀ ಇಷ್ಟೆಲ್ಲ ಒದ್ದಾಟ. ಜಿಮೇಲ್ 2004ರಲ್ಲಿ 1 ಜಿಬಿ ಕೊಟ್ಟು ಶುರುವಾದದ್ದೇ ಅಳಿಸಬೇಡಿ, ಹುಡುಕಿಕೊಳ್ಳಿ ಅಂತ. ಅದೂ ಏಪ್ರಿಲ್ 1ನೇ ತಾರೀಖು, ಜನ ಏಪ್ರಿಲ್ ಫೂಲ್ ಅಂದುಕೊಂಡಿದ್ದರು.

ಆದರೂ ಕಣ್ಣಿಗೆ ಕಿರಿಕಿರಿ ಅಂತಾದರೆ ಒಂದೇ ಏಟು: ಅನ್‌ಸಬ್‌ಸ್ಕ್ರೈಬ್ ಅನ್ನುವ ಪದ ಇರುವ ಎಲ್ಲ ಮೇಲೂ ಇನ್‌ಬಾಕ್ಸ್‌ಗೆ ಬರದೆ ನೇರ ಒಂದು ಲೇಬಲ್‌ಗೆ (ಹೆಸರು ಕೊಟ್ಟ ಬೇರೆ ಖಾನೆಗೆ) ಹೋಗುವ ಹಾಗೆ ಫಿಲ್ಟರ್ ಹಾಕಿ. ಐದು ನಿಮಿಷದ ಕೆಲಸ. ಜಾಹೀರಾತು ಪೂರ್ತಿ ಮಾಯ.

ಸಾಗರದ_ಶಾನುಭೋಗ

ಪುಟ್ಟಣ್ಣ, ನಿನ್ನ ಆ ಒಂದೇ ಏಟು ನನಗೆ ಸರಿಯಾಗಿ ಬಿದ್ದಿತ್ತು. ಮೂರು ವರ್ಷದ ಹಿಂದೆ ಅಳಿಯ ಬಂದವನು ಇದೇ ಫಿಲ್ಟರ್ ಹಾಕಿಕೊಟ್ಟು ಹೋದ. ಮನೆ ಖಾಲಿ ಮಾಡಿದ ಹಾಗೆ ಇನ್‌ಬಾಕ್ಸ್ ಫಳಫಳ. ನಾನೂ ಖುಷಿಯಾಗಿದ್ದೆ. ಆರೋಗ್ಯ ವಿಮೆಯ ಕಂತು ಕಟ್ಟಿ ಅಂತ ಬಂದ ಮೇಲ್‌ಗಳ ಕೆಳಗೂ ಅದೇ ಪದ ಇತ್ತು ನೋಡಿ, ಎಲ್ಲ ಆ ಲೇಬಲ್ ಹೊಟ್ಟೆಗೆ ಹೋಗಿದ್ದವು. 30 ದಿನದ ಹೆಚ್ಚುವರಿ ಅವಧಿಯಲ್ಲಿ 27ನೇ ದಿನ ಏನೋ ಹುಡುಕುವಾಗ ಕಣ್ಣಿಗೆ ಬಿತ್ತು. ಮನೆಯವಳಿಗೆ ಸಕ್ಕರೆ ಕಾಯಿಲೆ, ಪಾಲಿಸಿ ತಪ್ಪಿದ್ದರೆ ಹೊಸದಾಗಿ ಕಾಯುವ ಅವಧಿ ಶುರುವಾಗುತ್ತಿತ್ತು. ಸುಮಾ ಅವರಿಗೆ 1000 ರೂಪಾಯಿ, ನನಗೆ ಎಷ್ಟಾಗುತ್ತಿತ್ತೋ.

ತಂಗಿ ಸುಮಾ, ನಾನು ಬ್ಯಾಂಕಿನಲ್ಲಿ 34 ವರ್ಷ ಇದ್ದವನು, ಟಪಾಲು ವಿಂಗಡಿಸುವುದರಲ್ಲೇ ನೌಕರಿ ಶುರು ಮಾಡಿದವನು. ಕಿಟ್ಟಿ ಹೇಳಿದ ಎರಡು ಬಗೆಯ ಜೊತೆಗೆ ಮೂರನೇದೊಂದು ಬಗೆ ಇದೆ. ನೋಡಲು ಕಸ, ಆದರೆ ಎಸೆಯುವ ಹಾಗಿಲ್ಲ. ಬಿಡಿಸಿಕೊಳ್ಳುವ ಹಾಗೂ ಇಲ್ಲ.

ನನ್ನ ಹತ್ತಿರ 22 ಕಂಪನಿಗಳ ಷೇರು ಇವೆ. ಇವೆ ಅಂದರೆ ಕೆಲವದರಲ್ಲಿ ಐದು, ಕೆಲವದರಲ್ಲಿ ಹತ್ತು, ಅಷ್ಟೇ. ಹಣಕಾಸು ವರ್ಷ ಮಾರ್ಚ್‌ಗೆ ಮುಗಿದ ಕಂಪನಿ ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಭೆ ಮಾಡಬೇಕು, 21 ದಿನ ಮೊದಲು ನೋಟಿಸ್ ಕೊಡಬೇಕು. ಹಾಗಾಗಿ ಜುಲೈಯಿಂದ ಸೆಪ್ಟೆಂಬರ್ ಶುರುವಿನ ತನಕ ಮಳೆಯ ಜೊತೆ ಇದೂ ಸುರಿಯುತ್ತದೆ. ನೋಟಿಸ್, ವಾರ್ಷಿಕ ವರದಿ, ಇ-ವೋಟಿಂಗ್, ಡಿವಿಡೆಂಡ್ ತೆರಿಗೆಯ ಬಗ್ಗೆ ಒಂದು. ಇವನ್ನು ಕಳಿಸುವುದು ಅವರ ಕಾನೂನಿನ ಹೊಣೆ. ಇದಕ್ಕೆ ಷೇರು ಅಂತ ಒಂದು ಲೇಬಲ್ ಮಾಡಿದ್ದೇನೆ. ವಾರ್ಷಿಕ ಸಾಮಾನ್ಯ ಸಭೆ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಇರುವ ಮೂರು ಪದ ಹಾಕಿ ಫಿಲ್ಟರ್, ಇನ್‌ಬಾಕ್ಸ್‌ಗೆ ಬರದೆ ನೇರ ಅಲ್ಲಿಗೆ. ಅಕ್ಟೋಬರ್‌ನಲ್ಲಿ ಒಂದು ಸಂಜೆ ಕೂತು ನೋಡುತ್ತೇನೆ. ಪದ ಇಷ್ಟು ಖಚಿತವಾಗಿದ್ದರೆ ಫಿಲ್ಟರ್ ಒಳ್ಳೆಯ ಆಳು. ಪುಟ್ಟಣ್ಣನ ಹಾಗೆ ಎಲ್ಲ ಬಾಚುವ ಪದ ಹಾಕಿದರೆ ಗೊಬ್ಬರದ ಜೊತೆ ಗಂಟೂ ಹೋಗುತ್ತದೆ.

ಇನ್ನೊಂದು, ಆದಾಯ ತೆರಿಗೆಯದ್ದು. ರಿಟರ್ನ್ ಹಾಕಿದ ಮೇಲೆ ಬೆಂಗಳೂರಿನ ಸಿಪಿಸಿಯಿಂದ, ಅಂದರೆ ರಿಟರ್ನ್ ಪರಿಶೀಲಿಸುವ ಇಲಾಖೆಯ ಕೇಂದ್ರದಿಂದ, 143(1) ಅಂತ ಒಂದು ಇಂಟಿಮೇಷನ್ (ತಿಳಿವಳಿಕೆ ಪತ್ರ) ಬರುತ್ತದೆ. ಅದನ್ನು ಯಾವ ಫಿಲ್ಟರಿಗೂ ಕೊಡಬೇಡಿ, ನಕ್ಷತ್ರ ಹಾಕಿ ಇಟ್ಟುಕೊಳ್ಳಿ. ಪಿಡಿಎಫ್ ತೆರೆಯಲು ಪ್ಯಾನ್ ನಂಬರ್ ಸಣ್ಣ ಅಕ್ಷರದಲ್ಲಿ, ಅದಕ್ಕೆ ಅಂಟಿಸಿ ಹುಟ್ಟಿದ ದಿನ, ತಿಂಗಳು, ವರ್ಷ. ಪ್ರತಿ ಆಗಸ್ಟಿನಲ್ಲೂ ನಮ್ಮ ವಾಕಿಂಗ್ ಗುಂಪಿನಲ್ಲಿ ಯಾರಾದರೊಬ್ಬರು ಇದನ್ನು ಕೇಳುತ್ತಾರೆ, ಅದಕ್ಕೇ ಬರೆದೆ. ರೀಫಂಡ್ ಬಂದಿದೆ, ಇಲ್ಲಿ ಒತ್ತಿ ಅನ್ನುವ ಮೇಲ್ ನಂಬಬೇಡಿ. ತೆರಿಗೆಯ ಪೋರ್ಟಲ್‌ಗೆ ನೀವೇ ಹೋಗಿ ಲಾಗಿನ್ ಆಗಿ ನೋಡಿ.

ಹಾಸನ_ಬೈಕರ್

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ಜಾಹೀರಾತಿನ ಕರೆ ಬೇಡ ಅಂತ ಫೋನಿಗೆ 1909ಗೆ ಡಿಎನ್‌ಡಿ ಹಾಕಿದ್ದೇನಲ್ಲ, ಅದು ಮೇಲ್‌ಗೂ ಆಗುತ್ತದಾ? ಮತ್ತೆ ಪ್ಲೇ ಸ್ಟೋರಿನಲ್ಲಿ ಇನ್‌ಬಾಕ್ಸ್ ಕ್ಲೀನ್ ಮಾಡುವ ಆ್ಯಪ್ ತುಂಬಾ ಇವೆ, ಒಂದೇ ಸಲಕ್ಕೆ ಎಲ್ಲ ಅನ್‌ಸಬ್‌ಸ್ಕ್ರೈಬ್ ಮಾಡುತ್ತವಂತೆ, ಫ್ರೀ. ಅದು ಹಾಕಿದರೆ ಮುಗಿಯಿತಲ್ಲ?

ಸರ್ವರ್‌ರೂಮ್_ಕಿಟ್ಟಿ

ಡಿಎನ್‌ಡಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನದ್ದು, ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರ. ಮೇಲ್‌ಗೆ ಅಂತ ನಮ್ಮಲ್ಲಿ ಬೇರೆ ಕಾನೂನು ಇಲ್ಲ. ಅಮೆರಿಕದಲ್ಲಿ 2003ರಲ್ಲೇ ಕ್ಯಾನ್-ಸ್ಪ್ಯಾಮ್ ಅಂತ ಮಾಡಿದರು, ಬೇಡ ಅಂದ ಮೇಲೆ 10 ಕೆಲಸದ ದಿನಗಳೊಳಗೆ ನಿಲ್ಲಿಸಬೇಕು ಅಂತ. ನಮ್ಮಲ್ಲಿ 2023ರ ಡೇಟಾ ರಕ್ಷಣೆ ಕಾಯ್ದೆ ಇದೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ವಾಪಸ್ ಪಡೆಯುವ ಹಾಗಿರಬೇಕು ಅಂತ ಅದರಲ್ಲಿ ಬರೆದಿದ್ದಾರೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಭಾಗ ಜಾರಿಯಾಗಲು 18 ತಿಂಗಳು ಸಮಯ ಕೊಟ್ಟಿದ್ದಾರೆ. ಅಲ್ಲಿಯ ತನಕ ನಮ್ಮ ಕೈಲಿರುವುದು ಸ್ಪ್ಯಾಮ್ ಬಟನ್.

ಆ್ಯಪ್ ವಿಷಯಕ್ಕೆ ಬಂದರೆ, ಬೇಡ. ಅದಕ್ಕೆ ನಿಮ್ಮ ಪೂರ್ತಿ ಮೇಲ್‌ಬಾಕ್ಸಿನ ಬೀಗದ ಕೈ ಕೊಡಬೇಕು. ಬ್ಯಾಂಕಿನದ್ದು, ಆಸ್ಪತ್ರೆಯದ್ದು, ಓಟಿಪಿ, ಎಲ್ಲ ಓದಬಹುದು. ಅನ್‌ರೋಲ್.ಮಿ ಅಂತ ಇಂಥದ್ದೇ ಒಂದು ಉಚಿತ ಸೇವೆ ಭಾರೀ ಹೆಸರು ಮಾಡಿತ್ತು. ಅದರ ಮಾತೃಸಂಸ್ಥೆ ಜನರ ಮೇಲ್‌ನಲ್ಲಿದ್ದ ಲಿಫ್ಟ್ ಅನ್ನುವ ಟ್ಯಾಕ್ಸಿ ಕಂಪನಿಯ ರಸೀದಿಗಳ ಮಾಹಿತಿಯನ್ನು, ಹೆಸರು ತೆಗೆದು, ಊಬರ್‌ಗೆ ಮಾರಿದ್ದು 2017ರಲ್ಲಿ ಹೊರಬಂತು. 2019ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಜೊತೆ ರಾಜಿ ಮಾಡಿಕೊಳ್ಳಬೇಕಾಯಿತು. ಹಿಂದೆ ಯಾವುದಾದರೂ ಹಾಕಿದ್ದರೆ ಫೋನಿನಿಂದ ಆ್ಯಪ್ ತೆಗೆದರೆ ಸಾಲದು, ಗೂಗಲ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಬೇರೆ ಆ್ಯಪ್‌ಗಳಿಗೆ ಕೊಟ್ಟ ಅನುಮತಿಯ ಪಟ್ಟಿ ಇರುತ್ತದೆ, ಅಲ್ಲಿ ಹೋಗಿ ತೆಗೆಯಿರಿ.

ಸುಮಾ ಮೇಡಂ, 15 ಜಿಬಿ ಬಗ್ಗೆ ಹೇಳುವುದು ಮರೆತಿದ್ದೆ. ಜಾಹೀರಾತು ಮೇಲ್ ಅಳಿಸಿದರೆ ಜಾಗ ಅಷ್ಟಾಗಿ ಸಿಗುವುದಿಲ್ಲ. ಎಣಿಕೆ ದೊಡ್ಡದು, ತೂಕ ಕಮ್ಮಿ. ಆ 15 ಜಿಬಿಯನ್ನು ಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಗೂಗಲ್ ಫೋಟೋಸ್‌ನಲ್ಲಿ ಗಾತ್ರ ಇಳಿಸಿ ಉಳಿಸಿದ ಫೋಟೋಗಳು 2021ರ ಜೂನ್ 1ರ ತನಕ ಲೆಕ್ಕಕ್ಕೆ ಇರಲಿಲ್ಲ, ಆಮೇಲಿನದ್ದೆಲ್ಲ ಲೆಕ್ಕ. ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ಬ್ಯಾಕಪ್ ಕೂಡ 2024ರಿಂದ ಇದರಲ್ಲೇ ಸೇರುತ್ತದೆ. ಫ್ಯಾಮಿಲಿ ಗುಂಪಿನ ಗುಡ್ ಮಾರ್ನಿಂಗ್ ವಿಡಿಯೋಗಳೆಲ್ಲ ಅಲ್ಲಿ ಹಾಯಾಗಿ ಮಲಗಿರುತ್ತವೆ. ಗೂಗಲ್‌ನ ಜಾಗದ ಲೆಕ್ಕ ತೋರಿಸುವ ಗೂಗಲ್ ಒನ್‌ನಲ್ಲಿ ಯಾವುದು ಎಷ್ಟು ತಿಂದಿದೆ ಅಂತ ಬಣ್ಣದ ಪಟ್ಟಿ ಇರುತ್ತದೆ, ಮೊದಲು ಅದನ್ನು ನೋಡಿ.

ಮೇಲ್‌ನಲ್ಲಿ ಭಾರ ಇರುವುದು ಅಟ್ಯಾಚ್‌ಮೆಂಟ್‌ಗಳಲ್ಲಿ. ಸರ್ಚ್ ಪಟ್ಟಿಯ ಬಲತುದಿಯ ಚಿಹ್ನೆ ಒತ್ತಿದರೆ ಗಾತ್ರ ಹಾಕುವ ಜಾಗ ಬರುತ್ತದೆ, 10 ಎಂಬಿಗಿಂತ ದೊಡ್ಡದು ಅಂತ ಹುಡುಕಿ. ರಾಶಿ ಅಳಿಸುವುದಾದರೆ ಫೋನ್ ಬೇಡ, ಕಂಪ್ಯೂಟರಿನಲ್ಲಿ ಕೂರಿ. ಮೇಲಿನ ಚೌಕಕ್ಕೆ ಟಿಕ್ ಹಾಕಿದರೆ ಆ ಪುಟದ 50 ಮಾತ್ರ ಆಯ್ಕೆಯಾಗುತ್ತವೆ, ಆಮೇಲೆ ಅದರ ಮೇಲೆ ಒಂದು ಸಾಲು ಬರುತ್ತದೆ, ಹುಡುಕಿದ್ದಕ್ಕೆ ಹೊಂದುವ ಎಲ್ಲವನ್ನೂ ಆರಿಸಲಾ ಅಂತ. ಬಹಳ ಜನ ಆ ಸಾಲು ನೋಡದೆ 50, 50 ಅಂತ ಅಳಿಸುತ್ತಾ ಮಧ್ಯಾಹ್ನ ಕಳೆಯುತ್ತಾರೆ. ಅಳಿಸಿದ್ದು 30 ದಿನ ಬಿನ್‌ನಲ್ಲಿ ಇರುತ್ತದೆ, ತಪ್ಪಾಗಿದ್ದರೆ ವಾಪಸ್ ತರಬಹುದು. ಬಿನ್ ಖಾಲಿಯಾದ ಮೇಲೆಯೇ ಜಾಗ ಸಿಗುವುದು. ಇನ್ನೊಂದು ಮಾತು, ಅನ್‌ಸಬ್‌ಸ್ಕ್ರೈಬ್ ಮಾಡಿದರೆ ಹಳೆಯ ಮೇಲ್ ತಾನಾಗಿ ಹೋಗುವುದಿಲ್ಲ, ಅದನ್ನು ಬೇರೆಯಾಗಿ ಅಳಿಸಬೇಕು.

ಅಬುಧಾಬಿ_ರೈ

ನನ್ನ ಸಮಸ್ಯೆ ಬೇರೆ ಮಾರಾಯ್ರೆ. ನಾನು ಯಾರಿಗೂ ಐಡಿ ಕೊಡುವುದಿಲ್ಲ, ಆದರೂ ಬರುತ್ತದೆ. ಊರಲ್ಲಿ ನನ್ನದೇ ಹೆಸರಿನ ಇನ್ನೊಬ್ಬರಿದ್ದಾರೆ. ಅವರ ಐಡಿಯಲ್ಲಿ ಹೆಸರಿನ ಮುಂದೆ ಒಂದು ಅಂಕಿ ಇರಬೇಕು, ಅದನ್ನು ಬಿಟ್ಟು ನನ್ನ ಐಡಿ ಹೇಳಿ ಬರುತ್ತಾರೆ. ಅವರ ಕಾರಿಗೆ ಸರ್ವಿಸ್ ಯಾವಾಗ, ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟರಾಲ್ ಎಷ್ಟು, ಎಲ್ಲ ನನಗೆ ಗೊತ್ತು, ಪಾಪ ಅವರಿಗೇ ಗೊತ್ತುಂಟೋ ಇಲ್ಲವೋ. ಮೊದಲು ಚುಕ್ಕಿಯ ದೋಷ ಅಂದುಕೊಂಡಿದ್ದೆ. ಹಾಗಲ್ಲ. ಜಿಮೇಲ್‌ನಲ್ಲಿ ಚುಕ್ಕಿ ಎಲ್ಲಿ ಹಾಕಿದರೂ, ಬಿಟ್ಟರೂ ಒಂದೇ ಐಡಿ, ಇಬ್ಬರಿಗೆ ಕೊಡುವುದಿಲ್ಲ. ಲ್ಯಾಬ್‌ಗೆ ಒಂದು ಸಾಲು ಬರೆದೆ, ಇದು ನಿಮ್ಮ ಗಿರಾಕಿಯ ಐಡಿ ಅಲ್ಲ, ಫೋನ್ ಮಾಡಿ ಹೇಳಿ ಅಂತ. ಅದು ನಿಂತಿತು. ಕಾರಿನದ್ದು ನಿಲ್ಲಲಿಲ್ಲ, ಬ್ಲಾಕ್ ಮಾಡಿದೆ, ಈಗ ಸ್ಪ್ಯಾಮ್‌ಗೆ ಹೋಗುತ್ತದೆ.

ಸುಮಾ ಅಕ್ಕ, ಇನ್ನು ಮುಂದಕ್ಕೆ ಒಂದು ಉಪಾಯ. ಐಡಿ ಕೊಡುವಾಗ ಹೆಸರಿನ ನಂತರ, ಆ್ಯಟ್ ಗುರುತಿನ ಮೊದಲು, ಒಂದು ಪ್ಲಸ್ ಹಾಕಿ ಅಂಗಡಿಯ ಹೆಸರು ಸೇರಿಸಿ. ಮೇಲ್ ನಿಮಗೇ ಬರುತ್ತದೆ, ಆದರೆ ಯಾರಿಗೆ ಕೊಟ್ಟ ಐಡಿ ಅಂತ ಗೊತ್ತಾಗುತ್ತದೆ, ಅದರ ಮೇಲೆ ಫಿಲ್ಟರ್ ಹಾಕುವುದೂ ಸುಲಭ. ನಾನು ಶೂ ಅಂಗಡಿಗೆ ಅಂತ ಕೊಟ್ಟ ಐಡಿಗೆ ಒಂದು ದಿನ ಸಾಲದ ಮೇಲ್ ಬಂತು. ಯಾರು ದಾಟಿಸಿದರು ಅಂತ ಪಂಚಾಂಗ ನೋಡಬೇಕಾಗಲಿಲ್ಲ. ಕೆಲವು ವೆಬ್‌ಸೈಟ್ ಪ್ಲಸ್ ಗುರುತನ್ನು ಒಪ್ಪುವುದಿಲ್ಲ, ಅಲ್ಲಿ ಏನೂ ಮಾಡಲಿಕ್ಕಾಗುವುದಿಲ್ಲ. ಬಿಲ್ ಕೌಂಟರಿನಲ್ಲಿ ಕೇಳಿದರೆ ಮೇಲ್ ಇಲ್ಲ ಅಂದುಬಿಡಿ. ಅವರೇನು ಮನೆಗೆ ಬಂದು ನೋಡುತ್ತಾರಾ.

ಸುಮಾ_ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಶಾಲೆಯ ಕಂಪ್ಯೂಟರ್ ಮೇಷ್ಟ್ರ ಹತ್ತಿರ ಲ್ಯಾಪ್‌ಟಾಪ್ ಇಸಕೊಂಡು ಕೂತೆ.

ಕಿಟ್ಟಿ ಸರ್ ಹೇಳಿದ್ದೇ ಸರಿ, ಕಾಲೇಜಿನ ಎರಡೂ ಮೇಲ್ ಪ್ರಮೋಷನ್ಸ್‌ನಲ್ಲಿ ಇದ್ದವು, ಒಂದು ಪ್ರೆಶರ್ ಕುಕ್ಕರ್ ಮತ್ತು ಒಂದು ಕುರ್ತಾ ಸೆಟ್ ಮಧ್ಯೆ. ಮಗಳಿಗೆ ಫೋಟೋ ತೆಗೆದು ಕಳಿಸಿದೆ. "ಸರಿ ಬಿಡಮ್ಮ" ಅಂದಳು, ಅವಳ ಬಾಯಲ್ಲಿ ಅಷ್ಟು ಬಂದರೆ ಕ್ಷಮೆ ಕೇಳಿದ ಹಾಗೆ. ಎಳೆದು ಪ್ರೈಮರಿಗೆ ಹಾಕಿದೆ, ಫಿಲ್ಟರೂ ಮಾಡಿದೆ. ಶಾನುಭೋಗರು ಹೇಳಿದ ಹಾಗೆ ವಿಮೆ, ಬ್ಯಾಂಕು, ತೆರಿಗೆ ಇವಕ್ಕೂ ಮೊದಲೇ ಜಾಗ ಮಾಡಿದೆ.

ಪಟ್ಟಿಯಲ್ಲಿ 71 ಜನ ಇದ್ದರು. ಮೇಲುಗಡೆ ಇದ್ದದ್ದು ಸೀರೆ ಅಂಗಡಿ. ನಾನು ಅಲ್ಲಿ ಇಲ್ಲಿಯವರೆಗೆ ತೆಗೆದುಕೊಂಡದ್ದು ಒಂದು ಪೆಟಿಕೋಟ್. 50 ಜನರನ್ನು ಬಿಟ್ಟೆ, ನರ್ಸರಿಯವರನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ, ಮಾವಿನ ಗಿಡ ಚೆನ್ನಾಗಿ ಬಂದಿದೆ. ಜಾಗದ ವಿಷಯವೂ ನಿಜ. ಒಂದು ವರ್ಷಕ್ಕಿಂತ ಹಳೆಯ ಪ್ರಮೋಷನ್ಸ್ ಎಲ್ಲ ಅಳಿಸಿದರೆ ಸಿಕ್ಕಿದ್ದು ಅರ್ಧ ಜಿಬಿ. ಫೋಟೋ ಮತ್ತು ವಾಟ್ಸಾಪ್ ಸೇರಿ 11 ಜಿಬಿ. ಅದಕ್ಕೆ ದಸರಾ ರಜೆ ಬರಬೇಕು.

ಮದುವೆ ವೆಬ್‌ಸೈಟ್ ಮಾತ್ರ ಹೋಗಲಿಲ್ಲ. ಅನ್‌ಸಬ್‌ಸ್ಕ್ರೈಬ್ ಒತ್ತಿದರೆ ಲಾಗಿನ್ ಆಗಿ ಅನ್ನುತ್ತದೆ. ಪಾಸ್‌ವರ್ಡ್ ಯಾರಿಗೆ ನೆನಪಿದೆ?

ಸರ್ವರ್‌ರೂಮ್_ಕಿಟ್ಟಿ

ಅಲ್ಲಿ ಬರೀ ಅನ್‌ಸಬ್‌ಸ್ಕ್ರೈಬ್ ಸಾಲದು ಮೇಡಂ. ಅದು ಮೇಲ್ ನಿಲ್ಲಿಸುತ್ತದೆ ಅಷ್ಟೇ, ಖಾತೆ ಹಾಗೇ ಇರುತ್ತದೆ. ಐಡಿ ನಿಮ್ಮದೇ ಅಲ್ವಾ, ಫರ್ಗಾಟ್ ಪಾಸ್‌ವರ್ಡ್ ಒತ್ತಿ, ನಿಮಗೇ ಲಿಂಕ್ ಬರುತ್ತದೆ. ಒಳಗೆ ಹೋಗಿ ಪ್ರೊಫೈಲನ್ನೇ ಡಿಲೀಟ್ ಮಾಡಿ.

ಸುಮಾ_ದಾವಣಗೆರೆ

ಮಾಡಿದೆ. ನಾದಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿದೆ. ಪ್ರೊಫೈಲ್ ಜೀವಂತವಾಗಿತ್ತು. ಫೋಟೋ ಮದುವೆಗೆ ಮುಂಚಿನದು, ಹಸಿರು ರೇಷ್ಮೆ ಸೀರೆ, ಎರಡು ಜಡೆ. ಎತ್ತರ, ಗೋತ್ರ, ಅಡುಗೆ ಬರುತ್ತದೆ, ಎಲ್ಲ ಹಾಗೇ ಇದೆ. ವಯಸ್ಸು ಮಾತ್ರ ಅದೇ ವರ್ಷ ವರ್ಷ ಏರಿಸಿಕೊಂಡು ಬಂದು 39 ಅಂತ ತೋರಿಸುತ್ತಿತ್ತು. ಡಿಲೀಟ್ ಒತ್ತಿದ ಮೇಲೆ ಕಾರಣ ಕೇಳಿತು. "ಮದುವೆ ಆಯಿತು" ಅಂತ ಟಿಕ್ ಹಾಕಿದೆವು. ತಕ್ಷಣ ಶುಭಾಶಯದ ಮೇಲ್ ಬಂತು, ಕೆಳಗೆ ಹನಿಮೂನ್ ಪ್ಯಾಕೇಜ್.